ಡೀಸೆಲ್ ಪಿಕಪ್ ಐಡ್ಲಿಂಗ್‌ನಲ್ಲಿ ನಡುಗಿ ಆಫ್ ಆಗುತ್ತಿದೆಯೇ? ಟ್ಯಾಂಕಿಗೆ ಸೀಮೆಎಣ್ಣೆ ಸುರಿಯುವ ಮುನ್ನ ಇದನ್ನು ಓದಿ

ಪಿಕಪ್ ಓಡಿಸುವವರ ವಾಟ್ಸಾಪ್ ಗುಂಪುಗಳಲ್ಲಿ ಸದಾ ಸುತ್ತುತ್ತಲೇ ಇರುವ ಒಂದು ಬಗೆಯ ಸಂದೇಶವಿದೆ. ಗಾಡಿ ಐಡ್ಲಿಂಗ್‌ನಲ್ಲಿ ನಡುಗುತ್ತಿದ್ದರೆ, ಸಿಗ್ನಲ್‌ನಲ್ಲಿ ನಿಂತಾಗ ತಾನಾಗಿಯೇ ಆಫ್ ಆಗುತ್ತಿದ್ದರೆ ಶೋರೂಮಿಗೆ ಹೋಗಿ ದುಡ್ಡು ಹಾಳು ಮಾಡಬೇಡಿ ಎಂದು ಅದು ಶುರುವಾಗುತ್ತದೆ. ಟ್ಯಾಂಕಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ, ಇಲ್ಲವೇ ಟೂ-ಸ್ಟ್ರೋಕ್ ಬೈಕಿನ ಆಯಿಲ್ ಬೆರೆಸಿ. ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ನೋಡಿ. ಏರ್ ಹಿಡಿದಿದ್ದರೆ ಪೈಪಿಗೆ ಬಾಯಿಟ್ಟು ಡೀಸೆಲ್ ಎಳೆಯಿರಿ. ಕೊನೆಗೆ, ಎಲ್ಲ ಚಾಲಕ ಬಂಧುಗಳಿಗೂ ತಲುಪಿಸಿ.

ಇಂಥ ಸಂದೇಶ ಯಾಕೆ ಓಡುತ್ತದೆ ಎಂಬುದು ಕಷ್ಟದ ಪ್ರಶ್ನೆಯೇನಲ್ಲ. ಕೋಲಾರದ ಮಾರುಕಟ್ಟೆಗೆ ಟೊಮೆಟೊ, ಡೇರಿಗೆ ಹಾಲಿನ ಕ್ಯಾನು, ಬೆಳಗಿನ ಜಾವದ ಹೂವಿನ ಮಂಡಿಗೆ ಸೇವಂತಿಗೆ ಹೊತ್ತ ಗಾಡಿ ದಾರಿ ಮಧ್ಯೆ ನಿಂತರೆ, ಮಾಲೀಕನ ತಲೆಯಲ್ಲಿ ಓಡುವುದು ಎರಡೇ ಲೆಕ್ಕ: ಬಾಡಿಗೆ ಹೋಯಿತು, ಸಾಲದ ಕಂತು ಬಂತು. ಆ ಹೊತ್ತಿನಲ್ಲಿ ಐವತ್ತು ರೂಪಾಯಿಯ ಉಪಾಯ ಹೇಳುವವನೇ ದೇವರು.

ಈ ಸಲಹೆಗಳೆಲ್ಲ ಶುದ್ಧ ಸುಳ್ಳು ಎಂದು ಹೇಳಿಬಿಟ್ಟರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ಅವು ಸುಳ್ಳಲ್ಲ, ಹಳೆಯವು. ಇಪ್ಪತ್ತು ವರ್ಷದ ಹಿಂದಿನ ಡೀಸೆಲ್ ಎಂಜಿನ್ನಿನ ಮುಂದೆ ನಿಂತ ಅನುಭವಿ ಮೆಕ್ಯಾನಿಕ್ ಒಬ್ಬರು ಇದರಲ್ಲಿ ಕೆಲವನ್ನು ನಿಜವಾಗಿಯೂ ಮಾಡುತ್ತಿದ್ದರು, ಗಾಡಿಯೂ ಸರಿಹೋಗುತ್ತಿತ್ತು. ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರುವಾಗ ಮೊದಲು ಉದುರಿಹೋಗುವುದು ತಾರೀಖು, ಆಮೇಲೆ ಯಾವ ಎಂಜಿನ್ ಎಂಬ ವಿವರ. ಉಳಿಯುವುದು ಉಪಾಯ ಮಾತ್ರ. ಅದೇ ಉಪಾಯ ಇಂದಿನ ಕಾಮನ್ ರೈಲ್ ಎಂಜಿನ್‌ಗೆ ಸಾವಿರಾರು ರೂಪಾಯಿಯ ನಷ್ಟ, ಕೆಲವೊಮ್ಮೆ ಒಂದು ಬೆರಳಿನ ನಷ್ಟ.

ಬಾನೆಟ್ ಕೆಳಗೆ ಏನು ಬದಲಾಗಿದೆ

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರರಿಂದ ಇಪ್ಪತ್ತು ಪಟ್ಟು ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಕಾದ ಗಾಳಿಯೊಳಗೆ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಿದರೆ ತಾನೇ ಹತ್ತಿಕೊಳ್ಳುತ್ತದೆ. ಹೀಗಾಗಿ ಒಂದು ಡೀಸೆಲ್ ಎಂಜಿನ್ ಓಡಲು ಬೇಕಾದ್ದು ಮೂರೇ: ಸಾಕಷ್ಟು ಗಾಳಿ, ಸಾಕಷ್ಟು ಅದುಮುವಿಕೆ, ಸರಿಯಾದ ಹೊತ್ತಿಗೆ ಸರಿಯಾದ ಅಳತೆಯ ಡೀಸೆಲ್. ಓಡುತ್ತಿದ್ದ ಗಾಡಿ ಆಫ್ ಆಗುವ ಪ್ರಕರಣಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಈ ಮೂರನೆಯದನ್ನು.

ಹಳೆಯ ಎಂಜಿನ್‌ಗಳಲ್ಲಿ ಒಂದು ಯಾಂತ್ರಿಕ ಪಂಪ್ ಪ್ರತಿ ಸಿಲಿಂಡರಿಗೆ ಪ್ರತ್ಯೇಕವಾಗಿ, ಸರದಿಯಂತೆ ಡೀಸೆಲ್ ತಳ್ಳುತ್ತಿತ್ತು. ನಾಜಲ್ ಸುಮಾರು 200 ಬಾರ್ ಒತ್ತಡದ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತಿತ್ತು. ಇಂದಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಪಂಪ್ ಒಂದು ದಪ್ಪ ಉಕ್ಕಿನ ಕೊಳವೆಯೊಳಗೆ ಸದಾ ಒತ್ತಡ ತುಂಬಿಡುತ್ತದೆ. ಎಲ್ಲ ಇಂಜೆಕ್ಟರ್‌ಗಳೂ ಅದರಿಂದಲೇ ಕುಡಿಯುತ್ತವೆ, ಯಾವುದು ಯಾವಾಗ ತೆರೆಯಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಸುಮ್ಮನೆ ಐಡ್ಲಿಂಗ್‌ನಲ್ಲಿದ್ದಾಗಲೇ ಆ ಕೊಳವೆಯಲ್ಲಿ 250-300 ಬಾರ್ ಇರುತ್ತದೆ. ಲೋಡ್ ಹೊತ್ತು ಏರು ಹತ್ತುವಾಗ 1600 ಬಾರ್ ಅಥವಾ ಅದಕ್ಕೂ ಮೇಲೆ. ಹೋಲಿಕೆಗೆ ಹೇಳುವುದಾದರೆ, ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್.

ಇನ್ನೊಂದು ಲೆಕ್ಕ ಮಾಡೋಣ, ನಡುಕದ ಗುಟ್ಟು ಅದರಲ್ಲೇ ಇದೆ. ನಾಲ್ಕು ಸಿಲಿಂಡರಿನ ಎಂಜಿನ್ ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ, ಪ್ರತಿ ಎರಡು ಸುತ್ತಿಗೆ ಒಂದರಂತೆ ಪ್ರತಿ ಸಿಲಿಂಡರ್ ನಿಮಿಷಕ್ಕೆ 400 ಬಾರಿ ಉರಿಯುತ್ತದೆ. ನಾಲ್ಕೂ ಸೇರಿ 1600, ಗಂಟೆಗೆ 96,000. ಆ ಒಂದು ಗಂಟೆಯಲ್ಲಿ ಸುಮಾರು ಮುಕ್ಕಾಲು ಲೀಟರ್ ಡೀಸೆಲ್ ಖರ್ಚಾಗುತ್ತದೆ ಎಂದಿಟ್ಟುಕೊಂಡರೆ, ಒಂದು ಬಾರಿಗೆ ಚಿಮ್ಮುವುದು ಒಂದು ಹನಿ ನೀರಿನ ಆರೇಳನೇ ಒಂದು ಪಾಲಿನಷ್ಟು. ಅದನ್ನೂ ಒಂದೇ ಸಲಕ್ಕೆ ಬಿಡದೆ ಕಂತಿನಲ್ಲಿ ಬಿಡುತ್ತಾರೆ. ಇಷ್ಟು ಸಣ್ಣ ಅಳತೆಯಲ್ಲಿ ಒಂದಿಷ್ಟು ಗಾಳಿಗುಳ್ಳೆ, ಒಂದಿಷ್ಟು ನೀರು, ಒಂದು ಇಂಜೆಕ್ಟರಿನ ಸಣ್ಣ ಸೋರಿಕೆ ಸಾಕು, ಆ ಸಿಲಿಂಡರ್ ಸೋಲುತ್ತದೆ. ಸೆಕೆಂಡಿಗೆ ಆರೇಳು ಬಾರಿ ಹೀಗೆ ಸೋತಾಗ ಸ್ಟಿಯರಿಂಗ್, ಸೀಟು, ಕನ್ನಡಿ ಎಲ್ಲ ಗಡಗಡ ಎನ್ನುತ್ತವೆ. ಆಕ್ಸಿಲರೇಟರ್ ಒತ್ತಿದರೆ ಡೀಸೆಲ್ ಪ್ರಮಾಣ ಹೆಚ್ಚಿ, ತಿರುಗುವ ಫ್ಲೈವೀಲಿನ ರಭಸ ಏರಿ, ಅದೇ ದೋಷ ಮುಚ್ಚಿಹೋಗುತ್ತದೆ. "ರೇಸ್ ಮಾಡಿದರೆ ಸರಿಯಾಗಿದೆ, ಬಿಟ್ಟರೆ ನಡುಗುತ್ತೆ" ಎಂದು ಚಾಲಕರು ಹೇಳುವುದರ ಅರ್ಥ ಇದು. ರೇಸ್ ಕೊಟ್ಟಾಗ ರೋಗ ಹೋಗಿರುವುದಿಲ್ಲ, ಕಾಣುತ್ತಿರುವುದಿಲ್ಲ ಅಷ್ಟೆ.

ಒಂದು ಮಾತು ನಡುವೆ. ಎಲ್ಲ ನಡುಕವೂ ರೋಗವಲ್ಲ. 2005ರಲ್ಲಿ ಬಂದ ಟಾಟಾ ಏಸ್‌ನ ಡೀಸೆಲ್ ಎಂಜಿನ್‌ಗೆ ಇರುವುದು ಎರಡೇ ಸಿಲಿಂಡರ್, ಅಶೋಕ್ ಲೇಲ್ಯಾಂಡ್ ದೋಸ್ತ್‌ಗೆ ಮೂರು, ಬೊಲೆರೊ ಪಿಕಪ್‌ಗೆ ನಾಲ್ಕು. ಸಿಲಿಂಡರ್ ಕಡಿಮೆಯಾದಷ್ಟೂ ಉರಿಯುವಿಕೆಗಳ ನಡುವಿನ ಅಂತರ ಹೆಚ್ಚು, ಸಹಜ ಅದುರುವಿಕೆಯೂ ಹೆಚ್ಚು. ಬೊಲೆರೊದಿಂದ ಇಳಿದು ಏಸ್ ಹತ್ತಿದವರಿಗೆ ಅದು ಕೆಟ್ಟಿದೆ ಅನ್ನಿಸಬಹುದು. ನೋಡಬೇಕಾದ್ದು ನಿಮ್ಮ ಗಾಡಿ ಕಳೆದ ತಿಂಗಳು ಹೇಗಿತ್ತು, ಈಗ ಹೇಗಿದೆ ಎಂಬುದನ್ನು.

ನಟ್ ಸಡಿಲಿಸಿ ನೋಡುವ ಪರೀಕ್ಷೆ: ಇದನ್ನು ಮಾತ್ರ ಮಾಡಲೇಬೇಡಿ

ಹಳೆಯ ಯಾಂತ್ರಿಕ ಪಂಪ್ ಇರುವ ಎಂಜಿನ್‌ನಲ್ಲಿ ಒಂದು ಪೈಪಿನ ನಟ್ ಸಡಿಲಿಸಿದರೆ ಡೀಸೆಲ್ ಜಿನುಗುತ್ತಿತ್ತು, ಆ ಸಿಲಿಂಡರ್ ನಿಲ್ಲುತ್ತಿತ್ತು. ಎಂಜಿನ್ ಸದ್ದು ಬದಲಾಗದಿದ್ದರೆ ಅದೇ ಸತ್ತ ಸಿಲಿಂಡರ್ ಎಂದು ಗೊತ್ತಾಗುತ್ತಿತ್ತು. ಚಂದದ ಪರೀಕ್ಷೆ. ಕಾಮನ್ ರೈಲ್‌ನಲ್ಲಿ ಅದೇ ನಟ್‌ನ ಹಿಂದೆ ನೂರಾರು ಬಾರ್ ಒತ್ತಡ ಬಿಡದೆ ಕಾದಿರುತ್ತದೆ. ಸಡಿಲಿಸಿದ ಕಡೆಯಿಂದ ಹೊರಬರುವುದು ಕಣ್ಣಿಗೆ ಸರಿಯಾಗಿ ಕಾಣದ ಸೂಜಿಯಂಥ ಧಾರೆ. ಚರ್ಮವನ್ನು ತೂರಲು ಅದರ ಸಣ್ಣದೊಂದು ಪಾಲು ಒತ್ತಡವೇ ಸಾಕು.

ವೈದ್ಯರು ಇದನ್ನು ಹೈ ಪ್ರೆಷರ್ ಇಂಜೆಕ್ಷನ್ ಗಾಯ ಎನ್ನುತ್ತಾರೆ. ಮೋಸದ ಗಾಯ ಅದು. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಲಿಗೆ ಅಂಥ ನೋವೂ ಇರುವುದಿಲ್ಲ. ಹಾಗಾಗಿ ಕೈ ಒರೆಸಿಕೊಂಡು ಕೆಲಸ ಮುಂದುವರಿಸುತ್ತಾರೆ. ಒಳಗೆ ಡೀಸೆಲ್ ಬೆರಳಿನ ಸ್ನಾಯುರಜ್ಜುಗಳ ಹಾದಿ ಹಿಡಿದು ಅಂಗೈವರೆಗೆ ಹರಡಿ ಅಂಗಾಂಶವನ್ನು ಸುಡುತ್ತಿರುತ್ತದೆ. ಕೆಲವು ಗಂಟೆಗಳಲ್ಲಿ ಊತ, ಸಹಿಸಲಾಗದ ನೋವು. ತಡವಾದರೆ ಬೆರಳು ತೆಗೆಯಬೇಕಾದೀತು. ಇದಕ್ಕೆ ಮುಲಾಮು ಸಾಲದು, ಟಿಟಿ ಇಂಜೆಕ್ಷನ್ ಒಂದೇ ಸಾಲದು. ಬೇಗನೆ ಶಸ್ತ್ರಚಿಕಿತ್ಸೆ ಬೇಕು. ನೀವು ಅಥವಾ ನಿಮ್ಮ ಗ್ಯಾರೇಜಿನ ಹುಡುಗ ಹೀಗೆ ಗಾಯಗೊಂಡರೆ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಆ ಕ್ಷಣವೇ ಹೋಗಿ, "ಏನೋ ಚುಚ್ಚಿತು" ಎನ್ನದೆ "ಹೆಚ್ಚು ಒತ್ತಡದ ಡೀಸೆಲ್ ಒಳಗೆ ನುಗ್ಗಿದೆ" ಎಂದೇ ಹೇಳಿ. ಸೋರಿಕೆ ಹುಡುಕುವಾಗ ಪೈಪಿನ ಮೇಲೆ ಕೈ ಸವರಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಎಂಜಿನ್ ಆಫ್ ಮಾಡಿದ ಕೂಡಲೇ ಒತ್ತಡ ಇಳಿದುಬಿಡುತ್ತದೆ ಎಂದೂ ನಂಬಬೇಡಿ.

ಬಾಯಿಂದ ಡೀಸೆಲ್ ಎಳೆಯುವ ಅಭ್ಯಾಸವೂ ಇದೇ ಸಾಲಿನದು. ಹೊಟ್ಟೆಗೆ ಹೋದರೆ ಅಪಾಯ ಎಂದು ಜನ ಭಾವಿಸುತ್ತಾರೆ, ದೊಡ್ಡ ಅಪಾಯ ಇರುವುದು ಶ್ವಾಸಕೋಶಕ್ಕೆ. ತೆಳುವಾದ ಎಣ್ಣೆ ಕೆಮ್ಮಿನೊಂದಿಗೆ ಒಳಗೆ ಜಾರಿ ರಾಸಾಯನಿಕ ನ್ಯುಮೋನಿಯಾ ತರಬಹುದು. ನುಂಗಿದವರನ್ನು ವಾಂತಿ ಮಾಡಿಸಲೂಬಾರದು, ಹೊರಬರುವಾಗ ಮತ್ತೊಮ್ಮೆ ಶ್ವಾಸಕೋಶಕ್ಕೆ ಹೋಗುವ ಸಂಭವವಿರುತ್ತದೆ. ಬಹಳಷ್ಟು ಪಿಕಪ್‌ಗಳಲ್ಲಿ ಫಿಲ್ಟರಿನ ಮೇಲೋ ಪೈಪಿನ ನಡುವೆಯೋ ಕೈಯಿಂದ ಒತ್ತುವ ಪ್ರೈಮರ್ ಪಂಪ್ ಕೊಟ್ಟಿರುತ್ತಾರೆ. ಅದು ಗಟ್ಟಿಯಾಗುವವರೆಗೆ ಒತ್ತಿದರೆ ಸಾಕು.

ಸೀಮೆಎಣ್ಣೆ, ಟೂ-ಸ್ಟ್ರೋಕ್ ಆಯಿಲ್ ಮತ್ತು ಕಲಬೆರಕೆಯ ಕಥೆ

ಕಾಮನ್ ರೈಲ್ ಪಂಪಿಗೆ ಬೇರೆ ಎಣ್ಣೆ ಹಾಕುವ ಜಾಗವೇ ಇರುವುದಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಹೆಚ್ಚಿನ ಪಂಪ್‌ಗಳಲ್ಲಿ ಉಜ್ಜಾಡುವ ಭಾಗಗಳನ್ನು ನುಣುಪಾಗಿಡುವುದು ಅದರೊಳಗೆ ಹರಿಯುವ ಡೀಸೆಲ್ಲೇ. ಸೀಮೆಎಣ್ಣೆ ಡೀಸೆಲ್‌ಗಿಂತ ತೆಳು, ಜಾರುಗುಣವೂ ಕಡಿಮೆ. ಅದನ್ನು ಬೆರೆಸುವುದೆಂದರೆ ಎಂಜಿನ್ ಆಯಿಲ್‌ಗೆ ನೀರು ಬೆರೆಸಿ ಓಡಿಸಿದಂತೆ. ಪಂಪಿನೊಳಗೆ ಲೋಹ ಲೋಹಕ್ಕೆ ಉಜ್ಜಿ ಸಣ್ಣ ಪುಡಿ ಏಳುತ್ತದೆ. ಆ ಪುಡಿ ಮುಂದಕ್ಕೆ ಹೋಗಿ ಕೂದಲಿನ ದಪ್ಪಕ್ಕಿಂತ ಸ್ವಲ್ಪವೇ ದೊಡ್ಡದಾದ ಇಂಜೆಕ್ಟರ್ ರಂಧ್ರಗಳ ಬಳಿ ಕೂರುತ್ತದೆ. ಮೊದಲ ವಾರ ಗಾಡಿ ಹಗುರಾದಂತೆ ಅನ್ನಿಸಿದರೂ ಪಂಪಿನ ಆಯಸ್ಸು ಒಳಗೊಳಗೇ ಸವೆಯುತ್ತಿರುತ್ತದೆ.

ಇದಕ್ಕೆ ಉತ್ತರವಾಗಿಯೇ ಟೂ-ಸ್ಟ್ರೋಕ್ ಆಯಿಲ್ ಸಲಹೆ ಹುಟ್ಟಿದ್ದು. ಈಗಿನ ಡೀಸೆಲ್‌ನಲ್ಲಿ ಗಂಧಕ ಇಲ್ಲ, ಹಾಗಾಗಿ ಜಾರುಗುಣವಿಲ್ಲ, ಆಯಿಲ್ ಹಾಕಿ ಎಂಬ ವಾದ. ಅರ್ಧ ಸರಿ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್ 6 ಬಂದಾಗ ಡೀಸೆಲ್‌ನಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ 10 ಪಿಪಿಎಂಗೆ ಇಳಿಯಿತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಸಹಜ ಜಾರುಗುಣ ಕುಗ್ಗುವುದೂ ನಿಜ. ಆದರೆ ರಿಫೈನರಿಗಳು ಅದನ್ನು ತುಂಬಲು ಬೇರೆ ಪದಾರ್ಥ ಸೇರಿಸಿಯೇ ಕಳಿಸುತ್ತವೆ, ಭಾರತೀಯ ಮಾನಕದಲ್ಲಿ ಜಾರುಗುಣಕ್ಕೇ ಪ್ರತ್ಯೇಕ ಪರೀಕ್ಷೆಯಿದೆ. ಬಂಕ್‌ನಿಂದ ಬಂದ ಡೀಸೆಲ್ ಸರಿಯಾಗಿದ್ದರೆ ಮೇಲೆ ಏನನ್ನೂ ಸುರಿಯಬೇಕಿಲ್ಲ. ಸುರಿದರೆ, ಆ ಆಯಿಲ್‌ನಲ್ಲಿರುವ ಲೋಹದಂಶ ಸುಟ್ಟು ಬೂದಿಯಾಗಿ ಬಿಎಸ್ 6 ಗಾಡಿಯ ಡಿಪಿಎಫ್‌ನಲ್ಲಿ ಕೂರಬಹುದು. ಮಸಿಯನ್ನಾದರೆ ಡಿಪಿಎಫ್ ಸುಟ್ಟುಕೊಳ್ಳುತ್ತದೆ, ಬೂದಿಯನ್ನು ಸುಡಲಾಗದು.

ಸೀಮೆಎಣ್ಣೆಯ ವಿಷಯದಲ್ಲಿ ಕಾನೂನೂ ಇದೆ. ವಾಹನಕ್ಕೆ ಇಂಧನವಾಗಿ ಅದನ್ನು ಬಳಸುವುದನ್ನು 1993ರ ಸೀಮೆಎಣ್ಣೆ ನಿಯಂತ್ರಣ ಆದೇಶ ನಿಷೇಧಿಸುತ್ತದೆ. ಪಡಿತರದ ಎಣ್ಣೆಗೆ ನೀಲಿ ಬಣ್ಣ ಬೆರೆಸುವುದು ಕಲಬೆರಕೆ ಗೊತ್ತಾಗಲೆಂದೇ. ಈ ದಂಧೆಯ ಮುಖ ಎಷ್ಟು ಕ್ರೂರ ಎಂಬುದಕ್ಕೆ ಕರ್ನಾಟಕದ ಹೆಸರೊಂದು ಉದಾಹರಣೆಯಾಗಿ ಉಳಿದಿದೆ. ಕೆಜಿಎಫ್‌ನಲ್ಲಿ ಬೆಳೆದು, ಲಕ್ನೋ ಐಐಎಂನಲ್ಲಿ ಓದಿ, ಇಂಡಿಯನ್ ಆಯಿಲ್‌ನಲ್ಲಿ ಮಾರಾಟ ಅಧಿಕಾರಿಯಾಗಿದ್ದ ಮಂಜುನಾಥ್ ಷಣ್ಮುಗಂ, ಉತ್ತರ ಪ್ರದೇಶದ ಲಖೀಂಪುರ ಖೀರಿ ಜಿಲ್ಲೆಯಲ್ಲಿ ಕಲಬೆರಕೆ ಇಂಧನದ ಬಂಕ್ ವಿರುದ್ಧ ಕ್ರಮ ಕೈಗೊಂಡಿದ್ದಕ್ಕೆ 2005ರ ನವೆಂಬರ್‌ನಲ್ಲಿ ಗುಂಡಿಗೆ ಬಲಿಯಾದರು. ಆಗ ಅವರಿಗೆ 27 ವರ್ಷ. ಬೇರೆಯವರು ಬೆರೆಸಿದರೆ ಅಪರಾಧವಾಗುವ ಪದಾರ್ಥವನ್ನು ನಮ್ಮ ಟ್ಯಾಂಕಿಗೆ ನಾವೇ ಬೆರೆಸಿಕೊಳ್ಳಿ ಎನ್ನುವ ಸಂದೇಶ ಓದುವಾಗ ನನಗೆ ಆ ಹೆಸರು ನೆನಪಾಗುತ್ತದೆ.

ಹಾಗಾದರೆ ಬಂಕ್‌ನಲ್ಲೇ ಕಲಬೆರಕೆಯಾಗಿದ್ದರೆ? ಇಲ್ಲೂ ಒಂದು ತಪ್ಪು ಫಾರ್ವರ್ಡ್ ಇದೆ: ಫಿಲ್ಟರ್ ಪೇಪರಿನ ಮೇಲೆ ಡೀಸೆಲ್ ಹನಿ ಬಿಡಿ, ಕಲೆ ಉಳಿದರೆ ಕಲಬೆರಕೆ ಎನ್ನುವುದು. ಆ ಪರೀಕ್ಷೆ ಪೆಟ್ರೋಲ್‌ಗೆ. ಪೆಟ್ರೋಲ್ ಬೇಗ ಆವಿಯಾಗುತ್ತದೆ, ಹಾಗಾಗಿ ಕಲೆ ಉಳಿಯಬಾರದು. ಡೀಸೆಲ್ ಅಪ್ಪಟ ಶುದ್ಧವಾಗಿದ್ದರೂ ಎಣ್ಣೆಯ ಕಲೆ ಬಿಟ್ಟೇ ಬಿಡುತ್ತದೆ. ಡೀಸೆಲ್‌ಗೆ ಕೇಳಬೇಕಾದ್ದು ಸಾಂದ್ರತೆಯ ಪರೀಕ್ಷೆ. ಆ ದಿನದ ಸಾಂದ್ರತೆಯನ್ನು ಬಂಕ್‌ನಲ್ಲಿ ಪ್ರದರ್ಶಿಸಿರುತ್ತಾರೆ, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. ಜೊತೆಗೆ ಬಿಲ್ ಇಟ್ಟುಕೊಳ್ಳಿ, ಮುಂದೆ ದೂರು ಕೊಡಬೇಕಾಗಿ ಬಂದರೆ ಅದಿಲ್ಲದೆ ಏನೂ ಆಗದು. ಎಥನಾಲ್ ಬೆರೆಸುವುದರಿಂದ ಡೀಸೆಲ್‌ನಲ್ಲಿ ನೀರು ಎಂಬ ಸಂದೇಶವನ್ನೂ ಹಲವರು ಕಳಿಸಿದ್ದಾರೆ. ಇ20 ಎಂದರೆ ಪೆಟ್ರೋಲ್‌ಗೆ ಎಥನಾಲ್ ಬೆರೆಸುವ ಕಾರ್ಯಕ್ರಮ, ಡೀಸೆಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಪಾನಾ ಹಿಡಿಯುವ ಮೊದಲು ಒಂದು ಪ್ರಶ್ನೆ: ಯಾವಾಗ ಆಫ್ ಆಗುತ್ತದೆ? ಬೆಳಗಿನ ಮೊದಲ ಸ್ಟಾರ್ಟ್‌ನಲ್ಲೋ, ಬಿಸಿಯಾದ ಮೇಲೋ, ಏರಿನಲ್ಲೋ, ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗಲೋ, ಡೀಸೆಲ್ ತುಂಬಿಸಿದ ದಿನವೋ, ಫಿಲ್ಟರ್ ಬದಲಿಸಿದ ಮರುದಿನವೋ? ಈ ಒಂದು ಉತ್ತರಕ್ಕೆ ದುಬಾರಿ ಸ್ಕ್ಯಾನರಿನಷ್ಟೇ ಬೆಲೆಯಿದೆ.

ಡೀಸೆಲ್ ತುಂಬಿಸಿದ ಮೇಲೆ ಅಥವಾ ಮಳೆಗಾಲದಲ್ಲಿ ಶುರುವಾದರೆ ಮೊದಲ ಅನುಮಾನ ನೀರು. ನೀರು ಡೀಸೆಲ್‌ಗಿಂತ ಭಾರ, ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಎಂಜಿನ್‌ಗೆ ಹೋಗುವ ಪೈಪ್ ಎಳೆಯುವುದೂ ತಳದಿಂದಲೇ. ಟ್ಯಾಂಕ್ ಮುಚ್ಚಳದ ರಬ್ಬರ್ ಹರಿದಿದ್ದರೆ ಮಳೆಯೂ ಸರ್ವಿಸ್ ಸ್ಟೇಷನ್ನಿನ ನೀರಿನ ಧಾರೆಯೂ ಒಳಗೆ ಇಳಿಯುತ್ತವೆ. ತೋಟದ ಮನೆಯಲ್ಲಿ ಕ್ಯಾನುಗಳಲ್ಲಿ ಡೀಸೆಲ್ ಇಟ್ಟುಕೊಂಡು ಸುರಿಯುವವರಿಗೆ ಇದು ಇನ್ನೂ ಹತ್ತಿರದ ಸಮಸ್ಯೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರನ್ನು ಕಟ್ಟಿಹಾಕುವುದೂ ಉಂಟು. ಬೂಷ್ಟು ಡೀಸೆಲ್ ತಿಂದು ಬದುಕುತ್ತದೆ ಎಂದರೆ ನಂಬದವರಿದ್ದಾರೆ, ಆದರೆ ಇದು ನಿಜ.

ಪರೀಕ್ಷೆ ಸುಲಭ. ಡೀಸೆಲ್ ಫಿಲ್ಟರಿನ ಕೆಳಗೆ ಒಂದು ತಿರುಗಿಸುವ ಕೀಲು ಇರುತ್ತದೆ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಕೆಳಗೆ ಸ್ವಚ್ಛವಾದ ಪಾರದರ್ಶಕ ಬಾಟಲಿ ಹಿಡಿದು ಒಂದು ಲೋಟದಷ್ಟು ಬಿಡಿ. ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಡ್ಯಾಶ್‌ಬೋರ್ಡಿನಲ್ಲಿ ಹನಿಗಳ ಗುರುತಿನ ದೀಪ ಹತ್ತಿದ್ದರೂ ಹೇಳುತ್ತಿರುವುದು ಇದನ್ನೇ, ಅದನ್ನು ಸೆನ್ಸರ್ ಕೆಟ್ಟಿದೆ ಎಂದು ಅಲಕ್ಷಿಸಿ ವಾರಗಟ್ಟಲೆ ಓಡಿಸುವವರು ಬಹಳ. ಅಷ್ಟು ಒತ್ತಡದಲ್ಲಿ ನೀರು ಇಂಜೆಕ್ಟರಿನ ತುದಿಯನ್ನೇ ಕೊರೆಯುತ್ತದೆ, ಒಳಗಿನ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಹೊಸ ಫಿಲ್ಟರಿನ ಬೆಲೆ ಒಂದು ಇಂಜೆಕ್ಟರಿನ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಹೊಸದು ಹಾಕಿಸುವಾಗ ಹಳೆಯದನ್ನು ಬಿಸಾಡದೆ ಬಗ್ಗಿಸಿ ಒಳಗಿನದನ್ನು ನೋಡಿ. ಹೊಳೆಯುವ ಲೋಹದ ಪುಡಿ ಕಂಡರೆ ಪಂಪಿನ ಕಡೆ ಗಮನ ಹೋಗಬೇಕು.

ಫಿಲ್ಟರ್ ಬದಲಿಸಿದ ಮೇಲೆ, ಅಥವಾ ರಾತ್ರಿ ನಿಲ್ಲಿಸಿ ಬೆಳಗ್ಗೆ ಸೆಲ್ಫ್ ಹೊಡೆದರೆ ಹಿಡಿದು ಕೂಡಲೇ ನಿಲ್ಲುತ್ತಿದ್ದರೆ, ಅನುಮಾನ ಗಾಳಿಯ ಮೇಲೆ. ಇಲ್ಲಿ ಹೆಚ್ಚಿನವರು ಎಡವುವ ಒಂದು ಸೂಕ್ಷ್ಮವಿದೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ, ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್ ಇಲ್ಲದ ಗಾಡಿಗಳಲ್ಲಿ, ಡೀಸೆಲ್ ತಳ್ಳಲ್ಪಡುವುದಿಲ್ಲ, ಎಳೆಯಲ್ಪಡುತ್ತದೆ. ಎಳೆಯುವ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ, ಹಾಗಾಗಿ ಲೀಕೇಜ್ ಇಲ್ಲ ಎಂದು ತೀರ್ಮಾನಿಸಿ ಪಂಪ್ ಬಿಚ್ಚಲು ಹೊರಡುತ್ತಾರೆ. ಅದರ ಬದಲು ಮೆಕ್ಯಾನಿಕ್‌ಗೆ ಹೇಳಿ ಫಿಲ್ಟರಿಗೂ ಪಂಪಿಗೂ ನಡುವೆ ಒಂದಡಿ ಪಾರದರ್ಶಕ ಡೀಸೆಲ್ ಪೈಪ್ ತಾತ್ಕಾಲಿಕವಾಗಿ ಹಾಕಿಸಿ. ಇದು ಕಡಿಮೆ ಒತ್ತಡದ ಭಾಗ, ಮೇಲೆ ಹೇಳಿದ ಉಕ್ಕಿನ ಪೈಪ್ ಅಲ್ಲ. ಎಂಜಿನ್ ಓಡುವಾಗ ಅದರಲ್ಲಿ ಗುಳ್ಳೆಗಳ ಸಾಲು ಹೋಗುತ್ತಿದ್ದರೆ ಕಳ್ಳ ಸಿಕ್ಕಿದ. ಹೆಚ್ಚಾಗಿ ಅದು ಒಣಗಿದ ರಬ್ಬರ್ ಪೈಪ್, ಸಡಿಲ ಕ್ಲಿಪ್, ಇಲ್ಲವೇ ಫಿಲ್ಟರ್ ಕೂರಿಸುವಾಗ ಮಡಿಚಿಕೊಂಡ ರಬ್ಬರ್ ಉಂಗುರ. ಟ್ಯಾಂಕ್ ಖಾಲಿಯ ಹತ್ತಿರ ಇರುವಾಗ ಏರಿನಲ್ಲಿ ಡೀಸೆಲ್ ಹಿಂದಕ್ಕೆ ಸರಿದು ಪೈಪ್ ಗಾಳಿ ಎಳೆಯುವುದೂ ಇದೇ ಕುಟುಂಬದ ತೊಂದರೆ.

ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಶಕ್ತಿ ಕುಸಿದು ನಿಲ್ಲುತ್ತದೆಯೇ? ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಉಸ್ಸೆಂದು ಗಾಳಿ ಒಳಗೆ ನುಗ್ಗಿ, ಗಾಡಿ ಮತ್ತೆ ಸ್ಟಾರ್ಟ್ ಆದರೆ, ಟ್ಯಾಂಕಿನ ಉಸಿರುರಂಧ್ರ ಮಣ್ಣಿನಿಂದ ಮುಚ್ಚಿದೆ. ಖರ್ಚು ಸೊನ್ನೆ.

ಬಿಸಿಯಾದಾಗ ಮಾತ್ರ, ಯಾವ ಮುನ್ಸೂಚನೆಯೂ ಇಲ್ಲದೆ ಸ್ವಿಚ್ ಒತ್ತಿದಂತೆ ಆಫ್ ಆಗಿ, ಕಾಲು ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಓಡಿದರೆ, ಅದು ಡೀಸೆಲ್ ಕಥೆಯಲ್ಲದಿರಬಹುದು. ಎಂಜಿನ್ನಿನ ತಿರುಗುವಿಕೆ ಎಣಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಕೈಕೊಡುವ ರೀತಿ ಇದು. ಇಲ್ಲಿ ಸ್ಕ್ಯಾನರ್ ಬೇಕು. ಪಿ 0335 ಎಂದು ಬಂದರೆ ಆ ಸೆನ್ಸರಿನ ಸರ್ಕ್ಯೂಟ್, ಪಿ 0087 ಎಂದರೆ ರೈಲ್‌ನಲ್ಲಿ ಒತ್ತಡ ಸಾಲುತ್ತಿಲ್ಲ ಎಂದರ್ಥ. ಕೋಡ್ ಬಂದ ಕೂಡಲೇ ಪಾರ್ಟ್ ಬದಲಿಸಬೇಡಿ. ಕೋಡ್ ಹೇಳುವುದು ಜ್ವರ ಇದೆ ಎಂದು, ಯಾಕೆ ಎಂದಲ್ಲ. ಒತ್ತಡ ಸಾಲದಿರುವುದಕ್ಕೆ ಕಟ್ಟಿದ ಫಿಲ್ಟರ್ ಕಾರಣವಿರಬಹುದು, ಗಾಳಿ ಇರಬಹುದು, ಸೋರುವ ಇಂಜೆಕ್ಟರ್ ಇರಬಹುದು, ಕೊನೆಯದಾಗಿ ಪಂಪ್ ಇರಬಹುದು. ಸೆನ್ಸರ್ ವೈರನ್ನು ಇಲಿ ಕಚ್ಚಿರುವುದೂ ನಮ್ಮ ಕಡೆ ಅಪರೂಪವಲ್ಲ.

ಇನ್ನು ಗಾಳಿ ಮತ್ತು ಹೊಗೆಯ ಕಡೆ. ಇಜಿಆರ್ ವಾಲ್ವ್ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುತ್ತದೆ. ಮಸಿ ಕಟ್ಟಿ ಅದು ತೆರೆದೇ ಉಳಿದರೆ ಐಡ್ಲಿಂಗ್‌ನಲ್ಲಿ ಉಸಿರು ಕಟ್ಟಿ ನಡುಕ, ಕಪ್ಪು ಹೊಗೆ, ಆಮೇಲೆ ಆಫ್. ಇದಕ್ಕೆ ತಗಡು ಇಟ್ಟು ಶಾಶ್ವತವಾಗಿ ಮುಚ್ಚಿಬಿಡಿ ಎಂಬ ವಿಡಿಯೋಗಳಿವೆ. ಅದು ಮಾಲಿನ್ಯ ನಿಯಂತ್ರಣ ಸಾಧನವನ್ನು ಕೆಡಿಸಿದಂತೆ, ಜೊತೆಗೆ ಬಿಎಸ್ 6 ಗಾಡಿಯ ಕಂಪ್ಯೂಟರ್ ಅದನ್ನು ಗುರುತಿಸಿ ಶಕ್ತಿಯನ್ನೇ ತಗ್ಗಿಸಬಹುದು. ಬಿಚ್ಚಿ ಸ್ವಚ್ಛ ಮಾಡಿಸಿದರೆ ಮುಗಿಯುವ ಕೆಲಸಕ್ಕೆ ಇಷ್ಟೆಲ್ಲ ಯಾಕೆ? ಏರ್ ಫಿಲ್ಟರ್ ತೆಗೆದು ನೋಡುವುದನ್ನೂ ಮರೆಯಬೇಡಿ, ಕ್ವಾರಿ, ಇಟ್ಟಿಗೆ ಗೂಡಿನ ಕಡೆ ಓಡುವ ಗಾಡಿಗಳಿಗಂತೂ.

"ನಾಲ್ಕೂ ಇಂಜೆಕ್ಟರ್ ಹೋಗಿದೆ" ಎಂದರೆ

ಈ ಮಾತು ಕೇಳಿದಾಗ ಎದೆ ಧಸಕ್ಕೆನ್ನುತ್ತದೆ, ಬಿಲ್ ಅಷ್ಟು ದೊಡ್ಡದು. ಒಪ್ಪುವ ಮೊದಲು ರಿಟರ್ನ್ ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿ. ಪ್ರತಿ ಇಂಜೆಕ್ಟರಿನಿಂದ ಹಿಂತಿರುಗುವ ಡೀಸೆಲ್ಲನ್ನು ಬೇರೆ ಬೇರೆ ಬಾಟಲಿಗಳಲ್ಲಿ ಹಿಡಿದು ಹೋಲಿಸುವ ಪರೀಕ್ಷೆ ಅದು. ಮೂರು ಬಾಟಲಿ ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ ಬೇಗ ತುಂಬಿದರೆ, ಹಾಳಾಗಿರುವುದು ಒಂದೇ. ಸತ್ತ ಸಿಲಿಂಡರ್ ಹುಡುಕಲು ನಟ್ ಸಡಿಲಿಸುವ ಬದಲು ಸ್ಕ್ಯಾನರಿನಲ್ಲಿ ಪ್ರತಿ ಸಿಲಿಂಡರಿಗೆ ಕಂಪ್ಯೂಟರ್ ಕೊಡುತ್ತಿರುವ ಡೀಸೆಲ್ ತಿದ್ದುಪಡಿಯ ಅಂಕಿ ನೋಡಬಹುದು. ಯಾವುದಕ್ಕೆ ಬಹಳ ಹೆಚ್ಚು ಕೊಡುತ್ತಿದೆಯೋ ಅದು ದುರ್ಬಲ. ಇಂಜೆಕ್ಟರ್ ಬದಲಿಸಿದರೆ, ಹಲವು ಮಾದರಿಗಳಲ್ಲಿ ಅದರ ಮೇಲೆ ಕೊರೆದಿರುವ ಅಕ್ಷರ-ಅಂಕಿಗಳ ಕೋಡನ್ನು ಕಂಪ್ಯೂಟರಿಗೆ ತುಂಬಬೇಕು. ಅದನ್ನು ಬಿಟ್ಟು ಹೊಸ ಇಂಜೆಕ್ಟರ್ ಹಾಕಿದ ಮೇಲೂ ನಡುಗುತ್ತಿದೆ ಎಂದು ಬೈದುಕೊಳ್ಳುವವರಿದ್ದಾರೆ. ಇದೆಲ್ಲ ಸರಿಯಿದ್ದೂ ನಡುಕ ಉಳಿದರೆ ಕಂಪ್ರೆಷನ್, ವಾಲ್ವ್ ಅಂತರ, ಹರಿದ ಎಂಜಿನ್ ಮೌಂಟಿಂಗ್ ರಬ್ಬರ್ ನೋಡಬೇಕು.

ದಾರಿಯಲ್ಲಿ ಆಫ್ ಆದರೆ ಬ್ರೇಕ್ ಏನಾಗುತ್ತದೆ?

ಇದನ್ನು ಫಾರ್ವರ್ಡ್‌ಗಳು ಹೇಳುವುದೇ ಇಲ್ಲ. ಪಿಕಪ್ಪಿನ ಬ್ರೇಕ್ ಹಗುರಾಗಿರುವುದು ಬೂಸ್ಟರಿನಿಂದ, ಬೂಸ್ಟರಿಗೆ ಬೇಕಾದ ನಿರ್ವಾತವನ್ನು ಎಂಜಿನ್ ತಿರುಗಿಸುವ ಚಿಕ್ಕದೊಂದು ಪಂಪ್ ತಯಾರಿಸುತ್ತದೆ. ಎಂಜಿನ್ ನಿಂತರೆ ಉಳಿಕೆಯಿರುವುದು ಎರಡು ಮೂರು ಸಲ ಒತ್ತುವಷ್ಟು. ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟಿಯರಿಂಗ್ ಇದ್ದರೆ ಅದೂ ಬಿಗಿಯಾಗುತ್ತದೆ. ಬ್ರೇಕ್ ಇಲ್ಲವಾಗುವುದಿಲ್ಲ, ಕಾಲಿನ ಪೂರ್ತಿ ಬಲ ಬೇಕಾಗುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಆಫ್ ಆದರೆ ಪೆಡಲನ್ನು ಒತ್ತಿ ಬಿಟ್ಟು ಮಾಡದೆ ಒಂದೇ ಸಮನೆ ಒತ್ತಿ ಹಿಡಿದು, ಗಾಡಿಯನ್ನು ಗೇರ್‌ನಲ್ಲೇ ಇಟ್ಟು ಎಡಕ್ಕೆ ತನ್ನಿ. ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆದೀತು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡಿ ಚಾರ್ಮಾಡಿ ಇಳಿಯುವ ಹಳೆಯ ಚಾಳಿಯಲ್ಲಿ ಉಳಿತಾಯವೂ ಇಲ್ಲ. ಕಂಪ್ಯೂಟರ್ ಇರುವ ಎಂಜಿನ್ ಗೇರ್‌ನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ಲನ್ನು ತಾನೇ ನಿಲ್ಲಿಸಿರುತ್ತದೆ. ಮತ್ತೆ ಮತ್ತೆ ಆಫ್ ಆಗುತ್ತಿರುವ ಗಾಡಿಗೆ ಲೋಡ್ ಹಾಕಿ ಘಾಟಿಗೆ ಕಳಿಸಬೇಡಿ, ಬಾಡಿಗೆ ಎಷ್ಟೇ ದೊಡ್ಡದಿರಲಿ.

ಗ್ಯಾರೇಜಿಗೆ ಹೋಗುವ ಹಿಂದಿನ ದಿನ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ನಿಮ್ಮ ಕೈಯಲ್ಲಿರುವ ಮೊಬೈಲೇ ಸಾಕು. ಬೆಳಗಿನ ಮೊದಲ ಸ್ಟಾರ್ಟನ್ನು ವಿಡಿಯೋ ಮಾಡಿ: ಕೀಲಿ ಹಾಕಿದಾಗ ಹತ್ತುವ ದೀಪಗಳು, ಸೆಲ್ಫ್ ಎಷ್ಟು ಹೊತ್ತು ಹೊಡೆಯಿತು, ಆರ್‌ಪಿಎಂ ಮುಳ್ಳು ಹೇಗೆ ಕುಣಿಯುತ್ತದೆ, ಸೈಲೆನ್ಸರಿನಿಂದ ಬರುವ ಹೊಗೆ ಬಿಳಿಯೋ ಕಪ್ಪೋ ನೀಲಿಯೋ. ಮೆಕ್ಯಾನಿಕ್ ಮುಂದೆ ಬಂದಾಗ ಗಾಡಿ ಬಿಸಿಯಾಗಿ ಚೆನ್ನಾಗಿಯೇ ಓಡುತ್ತಿರುತ್ತದೆ, ಆಗ ಈ ವಿಡಿಯೋ ತೋರಿಸಿ. ಜೊತೆಗೆ ಕೊನೆಯ ಬಾರಿ ಡೀಸೆಲ್ ಹಾಕಿಸಿದ ಬಿಲ್, ಫಿಲ್ಟರ್ ಬದಲಿಸಿದ ಕಿಲೋಮೀಟರ್, ಮತ್ತು ಫಿಲ್ಟರಿನಿಂದ ಇಳಿಸಿದ ಆ ಡೀಸೆಲ್ ಬಾಟಲಿ.